ಲೀಲಾಧರರ ಲೈನರ್ ಸೆಲೆಕ್ಷನ್

ಕೊಳಚೆ ಗುಂಡಿಗೆ ಹಾಸುವ ಪ್ಲಾಸ್ಟಿಕ್ ಹುಡುಕುತ್ತಿದ್ದೇನೆ ಎಂದರೆ ಕ್ಷೌರದಂಗಡಿಯ ಬೆಂಚಿನಲ್ಲಿ ಯಾರೂ ಸರಿದು ಜಾಗ ಕೊಡುವುದಿಲ್ಲ. ಲೈನರ್ ಸೆಲೆಕ್ಷನ್ ನಡೆಸುತ್ತಿದ್ದೇನೆ ಎಂದರೆ ಕೊಡುತ್ತಾರೆ. ತೊಕ್ಕೊಟ್ಟಿನ ಲೀಲಾಧರರು ಈ ಸಂಗತಿಯನ್ನು ಒಂದು ಭಾನುವಾರ ಬೆಳಿಗ್ಗೆ ಕಂಡುಕೊಂಡರು. ಅಂದಿನಿಂದ ‘ಗುಂಡಿ’ ಎಂಬ ಪದ ಅವರ ಬಾಯಿಂದ ಮಾಯವಾಯಿತು. ಮುಂದೆ ನಡೆದದ್ದಕ್ಕೆಲ್ಲ ಆ ಒಂದು ಪದ ಹೋದದ್ದೇ ಕಾರಣ.

ಲೀಲಾಧರರು ಮೀನು ಸಂಸ್ಕರಿಸುವ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಅಜ್ಜ, ಅಪ್ಪ ಎಲ್ಲ ಕಡಲಿಗೆ ಹೋದವರು. ಇವರು ಮೀನನ್ನು ಹೆಚ್ಚಾಗಿ ಐಸಿನ ಪೆಟ್ಟಿಗೆಯಲ್ಲೇ ಕಂಡವರು. ಕಾರ್ಖಾನೆಯ ಹಿಂದುಗಡೆ ಒಂದು ದೊಡ್ಡ ಗುಂಡಿ. ಮೀನು ತೊಳೆದ ನೀರು, ನೆತ್ತರು, ಎಣ್ಣೆ, ಉಪ್ಪು ಎಲ್ಲ ಅಲ್ಲಿ ನಿಂತು, ತಿಳಿಯಾಗಿ, ಆಮೇಲೆ ಮುಂದಿನ ಟ್ಯಾಂಕಿಗೆ ಹೋಗಬೇಕು ಎಂಬುದು ನಿಯಮ. ಆದರೆ ಗುಂಡಿಯ ತಳ ಬರಿಯ ಮುರಕಲ್ಲು, ಆ ಕೆಂಪು ಕಲ್ಲಿನ ಮೈಯೆಲ್ಲ ತೂತು. ನೀರು ನಿಯಮವನ್ನು ಬಿಟ್ಟು ಕೆಳಕ್ಕಿಳಿದು, ಕಾರ್ಖಾನೆಯ ಗೋಡೆಯ ಅಡಿಯಿಂದ ನುಸುಳಿ, ನೆಟ್ಟಗೆ ಅದರಾಚೆಗಿನ ಲೀಲಾಧರರ ಬಾವಿಗೆ ಬಂದು ಸೇರಿತ್ತು.

ಆ ಬಾವಿ ಎರಡು ಮನೆಗೆ ಒಂದೇ. ಗಡಿಯ ಮೇಲೆಯೇ ಇದೆ. ಈಚೆಯ ರಾಟೆ ಲೀಲಾಧರರದ್ದು, ಆಚೆಯ ರಾಟೆ ಪಕ್ಕದ ಮನೆಯ ಬರ್ನಡೆಟ್ ಬಾಯಿಯವರದ್ದು. ಯಾವ ರಾಟೆಯಲ್ಲಿ ಸೇದಿದರೂ ನೀರಿಗೆ ಸಣ್ಣಗೆ ಹಳಸಿದ ಬಂಗುಡೆಯ ವಾಸನೆ. ಮೀನುಗಾರರ ಮನೆಗೆ ಮೀನಿನ ವಾಸನೆ ಹೊಸತಲ್ಲ, ಆದರೆ ಅದು ಚಹಾದಲ್ಲಿ ಬರಬಾರದು.

ಮಗಳು ಸುಪ್ರೀತಾ ಚೊಚ್ಚಲ ಬಸುರಿ. ಹೆರಿಗೆ, ಬಾಣಂತನ ತಾಯಿಮನೆಯಲ್ಲೇ ಎಂದು ಮಾತಾಗಿತ್ತು. ಒಂದು ದಿನ ಮಗಳ ಅತ್ತೆ ಬಂದವರು ಒಂದು ಗುಟುಕು ನೀರು ಕುಡಿದು, ಲೋಟವನ್ನು ನಿಧಾನಕ್ಕೆ ಕೆಳಗಿಟ್ಟರು. “ಮಗುವನ್ನು ಮೀಯಿಸ್ಲಿಕ್ಕೂ ಇದೇ ನೀರಾ?” ಎಂದು ಕೇಳಿದರು. ಲೋಟವನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಅವರ ರಿಕ್ಷಾ ಮರೆಯಾಗುವವರೆಗೆ ಲೀಲಾಧರರ ಹೆಂಡತಿ ಕುಮುದಿನಿ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಒಳಗೆ ಬಂದು ಹೇಳಿದರು: “ಮಳೆಗಾಲ ಮುಗಿಯುವಾಗ ಬಾವಿ ಸರಿ ಆಗಿರ್ಬೇಕು. ಇಲ್ಲದಿದ್ರೆ ಅವರು ಸುಪ್ರೀತಾಳನ್ನು ಕಳಿಸುದಿಲ್ಲ. ಮೊದಲ ಮೊಮ್ಮಗುವನ್ನು ನಾವು ಮೊಬೈಲಿನಲ್ಲಿ ನೋಡ್ಬೇಕಷ್ಟೆ.”

ಲೀಲಾಧರರು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮರುದಿನ ಕಾರ್ಖಾನೆಯ ಮ್ಯಾನೇಜರ್ ಇಮ್ತಿಯಾಝ್ ಅವರ ಮುಂದೆ ಬಾವಿಯ ನೀರಿನ ಬಾಟಲಿ ಇಟ್ಟು, ಮುಚ್ಚಳ ತೆಗೆದರು. ಮಾಲಿನ್ಯ ನೋಡುವ ಇಲಾಖೆಯವರು ಬೇರೆ ಅದೇ ವಾರ ಬಂದು ಮೂಗು ಮುಚ್ಚಿಕೊಂಡು ಹೋಗಿದ್ದರು. ಇಮ್ತಿಯಾಝ್ ಬಾಟಲಿಯ ಮುಚ್ಚಳ ಹಾಕಿ ಹೇಳಿದರು: “ಲೀಲಣ್ಣ, ಗುಂಡಿಗೆ ಲೈನರ್ ಹಾಕ್ಲೇಬೇಕು. ತಳದಿಂದ ಬದಿಯವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಒಂದು ಹನಿ ಕೆಳಗೆ ಇಳಿಬಾರದು. ಬಾವಿ ನಿಮ್ಮದು, ನಿಮ್ಮಷ್ಟು ಉರಿ ಬೇರೆ ಯಾರಿಗೂ ಇರ್ಲಿಕ್ಕಿಲ್ಲ. ಸೆಲೆಕ್ಷನ್ ನೀವೇ ಮಾಡಿ. ಒಂದು ಕಮಿಟಿ ಅಂತ ಮಾಡುವಾ, ನೀವು ಅಧ್ಯಕ್ಷರು.”

“ಸದಸ್ಯರು?”

“ಪಂಪು ನೋಡುವ ನೋಣಯ್ಯ ಇದ್ದಾನಲ್ಲ.”

ಅಧ್ಯಕ್ಷ ಎಂಬ ಶಬ್ದ ಲೀಲಾಧರರ ಬೆನ್ನಿಗೆ ಒಂದು ಹಲಗೆ ಕಟ್ಟಿದಂತೆ ಕೆಲಸ ಮಾಡಿತು. ಅವರು ನೆಟ್ಟಗೆ ನಡೆಯತೊಡಗಿದರು. ಇಮ್ತಿಯಾಝ್ ಮುದ್ರಿಸಿ ಕೊಟ್ಟ ಹಾಳೆಗಳನ್ನು ಮನೆಯ ಜಗಲಿಯಲ್ಲಿ ಕೂತು, ಪರೀಕ್ಷೆಗೆ ಓದುವ ಹಾಗೆ ಗಟ್ಟಿಯಾಗಿ ಓದಿದರು. ಬಿಸಿಲು ತಡೆಯುವ ಗುಣ, ಹಿಗ್ಗುವ ಗುಣ, ಚುಚ್ಚಿದರೆ ಹರಿಯದ ಗುಣ, ಎಣ್ಣೆ ಉಪ್ಪು ತಾಗಿದರೆ ಕೆಡದ ಗುಣ ಎಲ್ಲ ಬಾಯಿಪಾಠವಾಯಿತು. ಆ ಭಾನುವಾರವೇ ಅವರು ಕ್ಷೌರದಂಗಡಿಯಲ್ಲಿ, ಯಾರೂ ಕೇಳದಿದ್ದರೂ, “ಲೈನರ್ ಸೆಲೆಕ್ಷನ್ ಕಮಿಟಿಗೆ ನನ್ನನ್ನು ಅಧ್ಯಕ್ಷ ಮಾಡಿದ್ದಾರೆ. ಇನ್ನು ಸ್ವಲ್ಪ ಸಮಯ ಪುರುಸೊತ್ತಿಲ್ಲ” ಎಂದದ್ದು.

ಬೇರೆ ಊರಾಗಿದ್ದರೆ ‘ಅದೆಂತ ಲೈನರ್?’ ಎಂದು ಯಾರಾದರೂ ಕೇಳುತ್ತಿದ್ದರು. ಇದು ಮಂಗಳೂರು. ಮಳೆಗಾಲ ಕಳೆದ ಮೇಲೆ ಪಣಂಬೂರಿನ ಬಂದರಿಗೆ ಮಹಡಿಯ ಮೇಲೆ ಮಹಡಿ ಇಟ್ಟ ಬಿಳಿ ಪ್ರವಾಸಿ ಹಡಗುಗಳು ಬರುತ್ತವೆ, ಊರಿನ ಬಾಯಲ್ಲಿ ಅವಕ್ಕೆ ‘ಲೈನರ್’ ಎಂದೇ ಹೆಸರು. ಅವುಗಳಲ್ಲಿ ಅಡುಗೆ ಮಾಡುವವರು, ಬಡಿಸುವವರು, ಹಾಸಿಗೆ ಮಡಚುವವರು ಎಷ್ಟೋ ಮಂದಿ ಇಲ್ಲಿಯ ಮಕ್ಕಳೇ. ಹುಡುಗ ಲೈನರಿನಲ್ಲಿದ್ದಾನೆ ಎಂದರೆ ಹೆಣ್ಣು ಕೊಡುವವರು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಹಾಗಾಗಿ ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತು. ಬೆಂಚಿನಲ್ಲಿದ್ದವರು ಸರಿದರು. ಕ್ಷೌರಿಕನು ಲೀಲಾಧರರ ಗಡ್ಡವನ್ನು ಒಂದು ಸಲ ಕೆರೆದು, ಗೌರವಕ್ಕೆಂದು ಇನ್ನೊಂದು ಸಲ ಕೆರೆದನು.

ಸುದ್ದಿ ಲೀಲಾಧರರಿಗಿಂತ ಮೊದಲೇ ಮನೆ ತಲುಪಿತ್ತು. ಸಂಜೆ ಅವರು ಕೊಡಪಾನ ಹಿಡಿದು ಬಾವಿಕಟ್ಟೆಗೆ ಬಂದಾಗ ಆಚೆಯ ರಾಟೆಯ ಬಳಿ ಬರ್ನಡೆಟ್ ಕಾದು ನಿಂತಿದ್ದರು.

ಬರ್ನಡೆಟ್ ಬಾಯಿ ಮುಂಬಯಿಯಲ್ಲಿ ಬೆಳೆದವರು. ಮನೆಯಲ್ಲಿ ಕೊಂಕಣಿ, ತುಳು ಬಾರದು. ಲೀಲಾಧರರ ಮನೆಯಲ್ಲಿ ತುಳು, ಕೊಂಕಣಿ ಬಾರದು. ಎರಡು ಮನೆಗಳ ನಡುವೆ ಬಾವಿ ಹೇಗೋ ಹಾಗೆ ಕನ್ನಡವೂ ಒಂದು ಇತ್ತು. ಇಬ್ಬರೂ ತಂತಮ್ಮ ಕಡೆಯಿಂದ ಸೇದಿಕೊಳ್ಳುತ್ತಿದ್ದರು.

“ಲೀಲಾಧರಣ್ಣ, ಲೈನರ್ ಸೆಲೆಕ್ಷನ್ ಎಲ್ಲ ನಿಮ್ಮ ಕೈಯಲ್ಲಿ ಅಂತ ಹೇಳ್ತಾರೆ. ಹೌದಾ?”

“ಹೌದು ಬಾಯಮ್ಮ. ದೊಡ್ಡ ಜವಾಬ್ದಾರಿ.”

“ಅದಕ್ಕೆ ಎಂತೆಂತ ಬೇಕು ಅಂತ ಸ್ವಲ್ಪ ಹೇಳ್ತೀರಾ?”

ಈ ಪ್ರಶ್ನೆಯನ್ನು ಈವರೆಗೆ ಹೆಂಡತಿ ಕೂಡ ಕೇಳಿರಲಿಲ್ಲ. ಲೀಲಾಧರರು ಕೊಡಪಾನವನ್ನು ಕಟ್ಟೆಯ ಮೇಲಿಟ್ಟು ಗಂಟಲು ಸರಿಮಾಡಿಕೊಂಡರು.

“ಮೊದಲು ಬಿಸಿಲು ತಡಿಬೇಕು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದುಕೊಂಡ್ರೂ ಎಂತ ಆಗ್ಬಾರ್ದು.”

“ಹೌದು. ಅಲ್ಲಿ ನೆರಳು ಎಲ್ಲಿಂದ?”

“ಅದಕ್ಕೇ ಕಪ್ಪು ಇರ್ಬೇಕು. ಬಿಳಿದು ಬೇಗ ಹಾಳಾಗ್ತದೆ.”

ಬರ್ನಡೆಟ್ ಅವರ ಮುಖ ಸಣ್ಣದಾಯಿತು. “ಕಪ್ಪೇ ಆಗ್ಬೇಕಾ?”

“ಎಲ್ಲ ದೇಶದಲ್ಲೂ ಈಗ ಕೇಳುದು ಕಪ್ಪನ್ನೇ. ಮತ್ತೆ, ತೆಳು ಆಗುದಿಲ್ಲ. ದಪ್ಪ ಇದ್ದಷ್ಟು ಧೈರ್ಯ. ಎಳೆದ್ರೆ ಹಿಗ್ಗಬೇಕು. ಕೆಲವು ನೋಡ್ಲಿಕ್ಕೆ ಗಟ್ಟಿ ಕಾಣ್ತದೆ, ಸ್ವಲ್ಪ ಸಮಯ ಒತ್ತಡ ಬಿದ್ರೆ ಬಿರುಕು ಬಿಡ್ತದೆ.”

“ಆಚೆ ಕೇರಿಯ ಏವ್ರಿಲ್‌ನ ಮನೆಯದ್ದು ಹಾಗೇ ಆದದ್ದು ನೋಡಿ,” ಎಂದರು ಬರ್ನಡೆಟ್. “ಒಂದು ಕ್ರಿಸ್ಮಸ್ಸಿಗೆ ಹೋದದ್ದು ಇನ್ನೊಂದಕ್ಕೆ ವಾಪಸ್ ಬಂತು.”

“ಗ್ಯಾರಂಟಿ ನೋಡದೆ ತೆಗೊಂಡ್ರೆ ಹಾಗೇ.” ಲೀಲಾಧರರು ಸುತ್ತ ನೋಡಿ ದನಿ ತಗ್ಗಿಸಿದರು. “ಎಲ್ಲಕ್ಕಿಂತ ಮುಖ್ಯದ್ದು ಒಂದು ಉಂಟು ಬಾಯಮ್ಮ. ವರ್ಜಿನ್ ಇರ್ಬೇಕು.”

ಬರ್ನಡೆಟ್ ಅವರ ಕೈಯಿಂದ ಹಗ್ಗ ಜಾರಿತು. ಕೊಡಪಾನ ತಳ ಸೇರಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

“ಎಂತ ಇರ್ಬೇಕು?”

“ವರ್ಜಿನ್. ನೂರಕ್ಕೆ ನೂರು. ಒಮ್ಮೆ ಉಪಯೋಗ ಆದದ್ದನ್ನು ನಾವು ಮುಟ್ಟುದೂ ಇಲ್ಲ. ಮಾರ್ಕೆಟಿನಲ್ಲಿ ಹೆಚ್ಚಿನದು ಅಂಥದ್ದೇ. ಹೊರಗಿಂದ ನೋಡಿದ್ರೆ ಒಂದೂ ಗೊತ್ತಾಗುದಿಲ್ಲ.”

“ಮತ್ತೆ ಹೇಗೆ ಗೊತ್ತಾಗುದು?”

“ಸರ್ಟಿಫಿಕೇಟ್ ತರ್ಬೇಕು.”

ಬರ್ನಡೆಟ್ ಕತ್ತಿನ ಶಿಲುಬೆಯನ್ನು ಮುಟ್ಟಿಕೊಂಡರು. “ಈ ಕಾಲದಲ್ಲೂ ಇದನ್ನೆಲ್ಲ ಕೇಳ್ತಾರಾ?”

“ಈ ಕಾಲದಲ್ಲೇ ಕೇಳ್ಬೇಕಾದ್ದು. ಮೊದಲು ಇಷ್ಟು ಕಲಬೆರಕೆ ಎಲ್ಲಿತ್ತು?”

ಇಷ್ಟು ಶಿಸ್ತಿನ ಹಡಗು ಕಂಪನಿಯೊಂದು ಜಗತ್ತಿನಲ್ಲಿ ಉಳಿದಿದೆಯಲ್ಲ ಎಂದು ಬರ್ನಡೆಟ್ ಅವರಿಗೆ ಕಣ್ಣು ತುಂಬಿ ಬಂತು. ಅವರಿಗೆ ಒಬ್ಬನೇ ಮಗ, ಇರ್ವಿನ್. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮನೆಯಲ್ಲಿದ್ದ. ನೇರವಾಗಿ ಮಗನ ಹೆಸರು ಎತ್ತಿ ಶಿಫಾರಸು ಕೇಳಲು ಸಂಕೋಚವಾಗಿ ಅವರು ಸುತ್ತು ಬಳಸಿ ಹೇಳಿದರು: “ನಮ್ಮಲ್ಲೂ ಒಂದು ಉಂಟು. ಸುಮ್ಮನೆ ಮನೆಯಲ್ಲಿ ಬಿದ್ದುಕೊಂಡು ಉಂಟು. ತಂದು ತೋರಿಸಿದ್ರೆ ಆಗ್ತದಾ?”

ಇಲ್ಲಿ ವ್ಯಾಕರಣದ ಒಂದು ಮಾತು ಅಗತ್ಯ. ಕೊಂಕಣಿಯಲ್ಲಿ ಮಗ ಇದ್ದರೂ ‘ಆಸಾ’, ಮೇಜು ಇದ್ದರೂ ‘ಆಸಾ’. ಬರ್ನಡೆಟ್ ಅವರ ಕನ್ನಡದಲ್ಲಿ ಆದ್ದರಿಂದ ಎರಡಕ್ಕೂ ‘ಉಂಟು’. ಲೀಲಾಧರರು ಆ ‘ಉಂಟು’ವಿನಲ್ಲಿ ಮೇಜನ್ನು ಕಂಡರು. ಬರ್ನಡೆಟ್ ಅವರ ಗಂಡ ಫಿಲಿಪ್ ಗಲ್ಫಿನಲ್ಲಿ ಎಣ್ಣೆ ಟ್ಯಾಂಕುಗಳ ಕೆಲಸ ಮಾಡಿ ಬಂದವರು. ಬರುವಾಗ ಒಂದು ರೋಲು ಲೈನರ್ ತಂದಿರಬೇಕು.

“ಗಲ್ಫಿನದ್ದಾ?” ಎಂದು ಕೇಳಿದರು.

“ಹೌದು. ಅಲ್ಲಿಯೇ ಆದದ್ದು.”

“ಎಷ್ಟು ಹಳೆದು?”

“ಈ ಜೂನಿಗೆ ಇಪ್ಪತ್ತನಾಲ್ಕು.”

“ಇಪ್ಪತ್ತನಾಲ್ಕು ವರ್ಷ? ಉಪಯೋಗವೇ ಮಾಡ್ಲಿಲ್ವಾ?”

“ಎಲ್ಲಿ,” ಎಂದು ಬರ್ನಡೆಟ್ ನಿಟ್ಟುಸಿರುಬಿಟ್ಟರು. “ಈವರೆಗೆ ಒಂದು ಉಪಯೋಗಕ್ಕೂ ಬರ್ಲಿಲ್ಲ.”

“ಗಲ್ಫಿನ ಮಾಲು ಇಟ್ಟ ಹಾಗೇ ಇರ್ತದೆ ಬಾಯಮ್ಮ, ನೀವು ಬೇಜಾರು ಮಾಡ್ಬೇಡಿ. ಈ ಬುಧವಾರ ಬಿಟ್ಟು ಮುಂದಿನ ಬುಧವಾರ ಕಾರ್ಖಾನೆಗೆ ತನ್ನಿ. ಎಳೆದು, ಚುಚ್ಚಿ ನೋಡುವಾ. ಆಮೇಲೆ ಸ್ವಲ್ಪ ದಿನ ಉಪ್ಪು ನೀರಲ್ಲಿ ಮುಳುಗಿಸಿ ಇಡ್ತೇವೆ.”

“ಅದು ಗೊತ್ತುಂಟು,” ಎಂದರು ಬರ್ನಡೆಟ್. ಹಡಗಿಗೆ ಹೋಗುವವರಿಗೆ ಇಂಜೆಕ್ಷನ್ನೂ ಈಜಿನ ತರಬೇತಿಯೂ ಇರುತ್ತದೆಂದು ಅವರು ಕೇಳಿದ್ದರು.

ಮರುದಿನದಿಂದ ಪಕ್ಕದ ಮನೆಯ ತಾರಸಿಯಲ್ಲಿ ವಿಚಿತ್ರವೊಂದು ಶುರುವಾಯಿತು. ಮಾರ್ಚ್ ತಿಂಗಳ ನಡುಹಗಲು, ಕಾಗೆಗಳೂ ನೆರಳಲ್ಲಿ ಕೂತಿರುವ ಹೊತ್ತು, ಇರ್ವಿನ್ ಬನಿಯನ್ ತೆಗೆದು ತಾರಸಿಯ ಮಧ್ಯದಲ್ಲಿ ನಿಂತಿರುತ್ತಿದ್ದ. ಆಗಾಗ ಎರಡು ಕೈಯನ್ನೂ ಮೇಲಕ್ಕೆತ್ತಿ ಮೈ ಎಳೆಯುತ್ತಿದ್ದ. ತಾಯಿ ತಟ್ಟೆಯಲ್ಲಿ ತುಪ್ಪ ಸುರಿದ ಏನೇನೋ ತಂದು ತಿನ್ನಿಸುತ್ತಿದ್ದರು. ವಾರ ಕಳೆಯುವುದರೊಳಗೆ ಹುಡುಗ ಮೊದಲು ಕೆಂಪಾಗಿ, ಆಮೇಲೆ ಅಲ್ಲಲ್ಲಿ ಕಪ್ಪಾದ, ಅವನ ಮೂಗಿನ ಚರ್ಮ ಎದ್ದು ಬಂತು.

ಅಡುಗೆಮನೆಯ ಕಿಟಕಿಯಿಂದ ಕುಮುದಿನಿ ನೋಡಿದರು. “ಆ ಹುಡುಗನಿಗೆ ಎಂತ ಆಗಿದೆ?”

“ಕೆಲಸ ಇಲ್ಲದ ಮಕ್ಕಳಿಗೆ ಹೀಗಾಗ್ತದೆ,” ಎಂದು ಲೀಲಾಧರರು ದುಃಖದಿಂದ ಹೇಳಿದರು. “ನಾವು ನೋಡಿದ ಹಾಗೆ ಮಾಡ್ಬಾರ್ದು.”

ಅದೇ ವಾರ ಮಾಲು ಮಾರುವ ಯತಿನ್ ಎಂಬ ಯುವಕ ಕಾರ್ಖಾನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಚರ್ಮದ ಬ್ಯಾಗು. ಸ್ಟೋರಿನ ಬಾಗಿಲಲ್ಲಿ ನಿಂತು “ಒಳಗೆ ಬರ್ಬಹುದಾ ಚೇರ್ಮನ್ ಸರ್?” ಎಂದು ಕೇಳಿದ. ಇಷ್ಟು ವರ್ಷದಲ್ಲಿ ಆ ಬಾಗಿಲಿಗೆ ಬಂದವರೆಲ್ಲ “ಲೀಲಣ್ಣ, ಟೇಪ್ ಉಂಟಾ?” ಎಂದೇ ಕೇಳಿದವರು. ಯತಿನ್ ಕನ್ನಡಿಯಂತೆ ಹೊಳೆಯುವ ಕಪ್ಪು ಹಾಳೆಯ ತುಂಡೊಂದನ್ನು ಮೇಜಿನ ಮೇಲಿಟ್ಟ. ಅದರ ಜತೆಗೆ ದಪ್ಪ ಕಾಗದದ ಸರ್ಟಿಫಿಕೇಟ್, ಮೂಲೆಯಲ್ಲಿ ಬಂಗಾರ ಬಣ್ಣದ ಮುದ್ರೆ, ನಡುವೆ ದೊಡ್ಡಕ್ಷರದಲ್ಲಿ ‘ವರ್ಜಿನ್’. ಲೀಲಾಧರರು ಮುದ್ರೆಯ ಮೇಲೆ ಬೆರಳಾಡಿಸಿದರು. ಮನಸ್ಸಿನೊಳಗೆ ಸೆಲೆಕ್ಷನ್ ಅಲ್ಲಿಗೇ ಮುಗಿಯಿತು. ಬುಧವಾರದ್ದು ಮರ್ಯಾದೆಗೆ ಮಾತ್ರ.

ಮಂಗಳವಾರ ಸಂಜೆ ತೊಕ್ಕೊಟ್ಟಿನ ಮಾರ್ಕೆಟಿನಲ್ಲಿ ಇಗರ್ಜಿಯ ಪಾದ್ರಿಗಳು ಸಿಕ್ಕಿದರು. ಬಾಳೆಹಣ್ಣು ಕೊಂಡು ನಿಂತಿದ್ದವರು ಲೀಲಾಧರರನ್ನು ಕಂಡು ಪಕ್ಕಕ್ಕೆ ಕರೆದರು. ಇಗರ್ಜಿಯ ಹೊಸ ಸಭಾಭವನವನ್ನು ಮುಂದೆ ನಿಂತು ಕಟ್ಟಿಸಿದವರು ಅವರು. ಸಿಮೆಂಟು, ತಗಡು, ಪೈಪು ಎಲ್ಲದರ ವ್ಯವಹಾರ ಬಲ್ಲರು. ಫಿಲಿಪ್ಪರ ರೋಲನ್ನು ಬರ್ನಡೆಟ್ ಇವರಿಗೇ ತೋರಿಸಿರಬೇಕು ಎಂದು ಲೀಲಾಧರರು ತರ್ಕಿಸಿದರು.

“ನೀವು ಕೇಳಿದ ಸರ್ಟಿಫಿಕೇಟ್ ವಿಷಯ,” ಎಂದರು ಪಾದ್ರಿಗಳು. “ಬರ್ನಡೆಟ್ ಬಂದು ಹಟ ಹಿಡಿದಿದ್ದಾರೆ. ಇಷ್ಟು ವರ್ಷದಲ್ಲಿ ನನ್ನತ್ರ ಅಂಥದ್ದು ಯಾರೂ ಕೇಳಿದ್ದಿಲ್ಲ.”

“ಈಗ ರೂಲ್ಸ್ ಬಿಗಿ ಆಗಿದೆ ಫಾದರ್.”

“ಒಳ್ಳೆಯದೇ. ಆದ್ರೆ ನಾನು ಹೊರಗಿಂದ ಕಂಡದ್ದನ್ನು ಬರೀಬಹುದು. ಒಳಗಿನದ್ದು ದೇವರಿಗೆ ಮಾತ್ರ ಗೊತ್ತು.”

“ಅದೇ ಅಲ್ವಾ ಕಷ್ಟ. ಹೊರಗಿಂದ ಎಲ್ಲವೂ ಹೊಳೀತದೆ. ದೇವರವರೆಗೆ ಹೋಗುದು ಬೇಡ ಫಾದರ್, ಒಂದು ಲ್ಯಾಬಿನ ರಿಪೋರ್ಟ್ ಆದ್ರೂ ಸಾಕು.”

“ಲ್ಯಾಬಿನಲ್ಲಿ ಗೊತ್ತಾಗ್ತದಾ?”

“ಗೊತ್ತಾಗದೆ ಎಂತ? ಸಣ್ಣ ಒಂದು ತುಂಡು ಕತ್ತರಿಸಿ ಕೊಟ್ರೆ ಆಯ್ತು.”

ಪಾದ್ರಿಗಳು ಬಾಳೆಹಣ್ಣಿನ ಚಿಪ್ಪನ್ನು ಎದೆಗೆ ಒತ್ತಿಕೊಂಡರು. “ಕತ್ತರಿಸುದೆಲ್ಲ ಬೇಡ,” ಎಂದರು. “ನಾನು ಇವತ್ತೇ ಬರೆದುಕೊಡ್ತೇನೆ.”

ಬುಧವಾರ ಲೀಲಾಧರರು ಕಾರ್ಖಾನೆಗೆ ಬಂದಾಗ ಗೇಟಿನ ಹೊರಗೆ ಮದುವೆ ಹಾಲಿನ ಮುಂದಿನ ಹಾಗೆ ಜನ. ಕೋಟು ಹಾಕಿದ ಹುಡುಗರು, ಬಿಗಿಯಾಗಿ ಜಡೆ ಹಾಕಿದ ಹುಡುಗಿಯರು, ಅವರ ಬೆನ್ನಿಗೆ ತಾಯಂದಿರು. ಇಷ್ಟೊಂದು ಮಂದಿಗೆ ಬಾವಿಯ ಚಿಂತೆ ಇರುವುದನ್ನು ಕಂಡು ಅವರ ಎದೆ ತುಂಬಿತು. ಎಲ್ಲರಿಗೂ ನಮಸ್ಕರಿಸಿ ಒಳಗೆ ಹೋದರು.

ಸ್ಟೋರಿನಲ್ಲಿ ಇಮ್ತಿಯಾಝ್ ಆಗಲೇ ಕೂತಿದ್ದರು. ಎದುರಿಗೆ ಯತಿನ್. ನೋಣಯ್ಯನಿಗೆ ಕೊಟ್ಟ ಆಜ್ಞೆ ಸರಳವಾಗಿತ್ತು. ಸ್ಯಾಂಪಲ್ ಬಂದ ಹಾಗೆ ಹೆಸರು ಚೀಟಿ ಅಂಟಿಸಬೇಕು, ಮೂಲೆ ಹಿಡಿದು ಎಳೆದು ನೋಡಬೇಕು, ಮೊಳೆಯಿಂದ ಚುಚ್ಚಿ ನೋಡಬೇಕು, ಆಮೇಲೆ ಗುಂಡಿಯ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಬೇಕು. ನೋಣಯ್ಯ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಸ್ವಲ್ಪ ಹೊತ್ತಿನಲ್ಲಿ ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಒಂದು ಕೈಯಲ್ಲಿ ಮೊಳೆ ಇತ್ತು.

“ಅಣ್ಣ, ಒಂದು ಸ್ಯಾಂಪಲ್ ನಡೆದುಕೊಂಡು ಬಂದಿದೆ.”

“ಎಂತ?”

“ನೀನು ಸ್ಯಾಂಪಲಾ ಅಂತ ಕೇಳಿದೆ, ಹೌದು ಅಂತ ಹೇಳಿತು. ಚೀಟಿ ಅಂಟಿಸಿದೆ. ಎಳೆದೆ, ಏನೂ ಆಗ್ಲಿಲ್ಲ. ಈಗ ಚುಚ್ಚುದಾ, ಸೀದಾ ಮುಳುಗಿಸುದಾ?”

ನೋಣಯ್ಯನ ಹಿಂದಿನಿಂದ ಇರ್ವಿನ್ ಒಳಗೆ ಬಂದ. ಅಪ್ಪನ ಮದುವೆಯ ಕೋಟು ಭುಜಕ್ಕೆ ಬಿಗಿಯಾಗಿತ್ತು, ಒಂದು ವಾರದ ತುಪ್ಪದ ಫಲ. ಎದೆಯ ಮೇಲೆ ‘ಸ್ಯಾಂಪಲ್’ ಎಂಬ ಚೀಟಿ. ಮುಖದ ಅರ್ಧ ಚರ್ಮ ಎದ್ದಿತ್ತು. ಅವನ ಹಿಂದೆ ಕೊಡೆ ಹಿಡಿದುಕೊಂಡು ಬರ್ನಡೆಟ್. ಅವರು ಯಾರನ್ನೂ ನೋಡದೆ ನೇರವಾಗಿ ಮೇಜಿನ ಬಳಿ ಬಂದು, ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದು, ಎರಡು ಕೈಯಿಂದ ಲೀಲಾಧರರ ಮುಂದಿಟ್ಟರು.

“ಫಾದರ್ ಸಹಿ ಮಾಡಿ ಕೊಟ್ಟಿದ್ದಾರೆ. ಸೀಲ್ ಕೂಡ ಉಂಟು.”

ಲೀಲಾಧರರು ಓದಿದರು. ಫಿಲಿಪ್ ಮತ್ತು ಬರ್ನಡೆಟ್ ಇವರ ಪುತ್ರ ಇರ್ವಿನ್ ಎಂಬಾತನನ್ನು ತಾನು ಬಾಲ್ಯದಿಂದ ಬಲ್ಲೆನೆಂದೂ, ಈತನು ಅವಿವಾಹಿತನೆಂದೂ, ನಡತೆ ಉತ್ತಮವೆಂದೂ, ಪ್ರತಿ ಭಾನುವಾರ ಪೂಜೆಗೆ ಬರುತ್ತಾನೆಂದೂ, ಕೇಳಿರುವ ಉಳಿದ ವಿಷಯದಲ್ಲಿ ಯಾವ ದೂರೂ ತನ್ನ ಕಿವಿಗೆ ಬಿದ್ದಿಲ್ಲವೆಂದೂ ಪಾದ್ರಿಗಳು ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ಕತ್ತರಿಸುವ ಅಗತ್ಯವಿಲ್ಲ.

ಲೀಲಾಧರರು ಮತ್ತೊಮ್ಮೆ ಓದಿದರು. ಕಾಗದವನ್ನು ನೋಡಿದರು, ಹುಡುಗನ ಮೂಗನ್ನು ನೋಡಿದರು. ಬಾವಿಕಟ್ಟೆಯ ಮಾತುಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ಕಪ್ಪು. ದಪ್ಪ. ಎಳೆದರೆ ಹಿಗ್ಗಬೇಕು. ಅಲ್ಲಿಯೇ ಆದದ್ದು. ಈ ಜೂನಿಗೆ ಇಪ್ಪತ್ತನಾಲ್ಕು. ಅವರಿಗೆ ಕುರ್ಚಿಯ ಅಡಿ ಸೇರಿಕೊಳ್ಳೋಣ ಎನಿಸಿತು, ಆದರೆ ಅಧ್ಯಕ್ಷರ ಕುರ್ಚಿ ಸಣ್ಣದಿತ್ತು.

“ಬಾಯಮ್ಮ,” ಎಂದರು, “ನೀವು ಯಾವ ಲೈನರ್ ಅಂತ ತಿಳಿದುಕೊಂಡದ್ದು?”

“ಎಷ್ಟು ಲೈನರ್ ಉಂಟು? ಹಡಗಿನದ್ದು.”

“ಹಡಗಿನದ್ದಲ್ಲ.” ಲೀಲಾಧರರು ಒಂದು ವಾರದಿಂದ ಬಾಯಿಗೆ ಬಾರದ ಪದವನ್ನು ಎಳೆದು ತಂದರು. “ಗುಂಡಿಯದ್ದು. ಕೊಳಚೆ ಗುಂಡಿಗೆ ಹಾಸುವ ಪ್ಲಾಸ್ಟಿಕ್. ಅದನ್ನೇ ನಾನು ಹೇಳಿದ್ದು. ಗುಂಡಿ ಅಂತ ಹೇಳ್ಲಿಕ್ಕೆ ನಾಚಿಕೆ ಆಗಿ ಬಿಟ್ಟದ್ದು.”

ಇಮ್ತಿಯಾಝ್ ಎದ್ದು, ಗೇಟಿನ ಜನರಿಗೆ ಹೇಳಿ ಬರುತ್ತೇನೆ ಎಂದು ಹೊರಗೆ ಹೋದರು. ಹೊರಗಿನಿಂದ “ಎಂತ ಮಾರಾಯ್ರೆ ಇದು, ಬಸ್ಸಿಗೆ ಕೊಟ್ಟದ್ದು ದಂಡ” ಎಂಬ ಗೊಣಗಾಟ, ಆಮೇಲೆ ಚಪ್ಪಲಿಗಳ ಸದ್ದು ಕೇಳಿಸಿತು. ಬರ್ನಡೆಟ್ ಅವರ ಮುಖದ ಬಣ್ಣ ಹೋಗಿತ್ತು. ಇರ್ವಿನ್ ಎದೆಯ ಮೇಲಿನ ಚೀಟಿಯನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡ. ನಿಜ ಹೇಳಬೇಕೆಂದರೆ ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ನದಿ ದಾಟುವ ದೋಣಿಯಲ್ಲೇ ವಾಂತಿ ಮಾಡಿಕೊಳ್ಳುವ ಹುಡುಗ, ತಾಯಿಗೆ ಹೇಳಲು ಧೈರ್ಯವಿರಲಿಲ್ಲ.

“ಕ್ಷಮಿಸಿ ಬಾಯಮ್ಮ. ತಪ್ಪು ನನ್ನದು,” ಎಂದರು ಲೀಲಾಧರರು.

ಮಗನ ಸರ್ಟಿಫಿಕೇಟನ್ನು ಮಡಚಿ ಕವರಿಗೆ ಹಾಕಲು ಹೋದ ಬರ್ನಡೆಟ್ ಅವರ ಕಣ್ಣು ಮೇಜಿನ ಮೇಲಿನ ಇನ್ನೊಂದು ಕಾಗದದ ಮೇಲೆ ಬಿತ್ತು. ಬಂಗಾರದ ಮುದ್ರೆ, ದೊಡ್ಡಕ್ಷರ.

“ಇದು ಯಾರದ್ದು?”

“ಇವರ ಹಾಳೆಯದ್ದು,” ಎಂದು ಲೀಲಾಧರರು ಯತಿನ್ ಕಡೆ ತೋರಿಸಿದರು. “ಅದಕ್ಕೂ ಅದೇ ಸರ್ಟಿಫಿಕೇಟ್ ಬೇಕು. ಹಳೆ ಬಕೆಟ್, ಹಳೆ ಕುರ್ಚಿ ಕರಗಿಸಿ ಮಾಡಿದ್ದಲ್ಲ, ಹೊಸ ಪ್ಲಾಸ್ಟಿಕ್ ಅಂತ.”

“ಹಳೆದು ಆದ್ರೆ ಎಂತ ಆಗ್ತದೆ?”

“ಬಿಸಿಲಿಗೆ ಸಿಡೀತದೆ. ಗುಂಡಿಯ ನೀರು ಮೊದಲಿನ ಹಾಗೇ ನಮ್ಮ ಬಾವಿಗೆ ಬರ್ತದೆ.”

“ನಮ್ಮ ಬಾವಿಗಾ?”

“ಮತ್ತೆ ಯಾರದ್ದಕ್ಕೆ ಬಾಯಮ್ಮ?”

ಬರ್ನಡೆಟ್ ಕುರ್ಚಿ ಎಳೆದು ಕೂತರು. ಕನ್ನಡಕ ಹಾಕಿಕೊಂಡು ಯತಿನ್‌ನ ಸರ್ಟಿಫಿಕೇಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೆಳಗಿನಲ್ಲಿ ಬಹಳ ಹೊತ್ತು ನಿಂತರು.

“ಇದಕ್ಕೆ ಸಹಿ ಹಾಕಿದ್ದು ಯಾರು?”

“ನಮ್ಮ ಕಂಪನಿಯೇ ಮೇಡಂ,” ಎಂದ ಯತಿನ್.

“ಅಂದ್ರೆ ಮಾರುವವರೇ?”

“ಹೌದು. ಮಾಲು ನಮ್ಮದು, ನಮಗೇ ಗೊತ್ತಿರುದಲ್ವಾ?”

“ಲೀಲಾಧರಣ್ಣ,” ಎಂದರು ಬರ್ನಡೆಟ್. “ನನ್ನ ಮಗನದ್ದನ್ನು ನಾನೇ ಬರೆದು ಸಹಿ ಹಾಕಿ ತಂದಿದ್ರೆ ನೀವು ತೆಗೊಳ್ತಿದ್ರಾ? ನಾನು ಫಾದರ್ ಹತ್ರ ಹೋಗಿ ತಲೆ ತಗ್ಗಿಸಿ ನಿಂತು ತಂದದ್ದು. ಬಾಯಿ ಬಿಟ್ಟು ಆ ಶಬ್ದ ಹೇಳಿದ್ದೇನೆ ನಾನು, ಫಾದರ್ ಮುಂದೆ. ಇವರು ಮನೆಯಲ್ಲಿ ಕೂತು ಬರೆದುಕೊಂಡು ಬಂದಿದ್ದಾರೆ.”

ಲೀಲಾಧರರಿಗೆ ಮಾರ್ಕೆಟಿನಲ್ಲಿ ಪಾದ್ರಿಗಳಿಗೆ ತಾವೇ ಹೇಳಿದ ಮಾತು ನೆನಪಾಯಿತು. ಹೊರಗಿಂದ ಎಲ್ಲವೂ ಹೊಳೆಯುತ್ತದೆ, ಲ್ಯಾಬಿಗೆ ಕೊಡಬೇಕು. ಆ ಮಾತು ಅವರ ನಾಲಿಗೆಯ ಮೇಲಿತ್ತು, ತಲೆಗೆ ಹತ್ತಿರಲಿಲ್ಲ. ‘ಚೇರ್ಮನ್ ಸರ್’ ಎಂಬ ಎರಡು ಶಬ್ದಕ್ಕೆ ಅವರು ಮಗಳ ಬಾಣಂತನವನ್ನು ಕೊಟ್ಟುಬಿಡುವುದರಲ್ಲಿದ್ದರು. ಅದು ತಿಳಿದಾಗ ಅವರು ಬಂಗಾರದ ಮುದ್ರೆಯ ಕಾಗದವನ್ನು ಬದಿಗೆ ಸರಿಸಿದರು.

“ನೋಣಯ್ಯ,” ಎಂದರು, “ಕತ್ತರಿ ತಾ. ಇದರಿಂದ ಒಂದು ತುಂಡು ತೆಗಿ.”

“ಸರ್, ಅದರ ಅಗತ್ಯ ಇಲ್ಲ,” ಎಂದ ಯತಿನ್.

“ಕತ್ತರಿಸುವ ಅಗತ್ಯ ಇಲ್ಲ ಅಂತ ಬರೆದದ್ದು ಆ ಸರ್ಟಿಫಿಕೇಟಿನಲ್ಲಿ,” ಎಂದು ಲೀಲಾಧರರು ಬರ್ನಡೆಟ್ ಅವರ ಕವರನ್ನು ತೋರಿಸಿದರು. “ನಿಮ್ಮದರಲ್ಲಿ ಇಲ್ಲ.”

ತುಂಡನ್ನು ಕೊಡಿಯಾಲ್‌ಬೈಲಿನ ಆಚೆಗಿದ್ದ ಒಂದು ಪರೀಕ್ಷಾ ಕೇಂದ್ರಕ್ಕೆ ತಲುಪಿಸಬೇಕಿತ್ತು. ಕೋಟು ಹಾಕಿಕೊಂಡು ಸುಮ್ಮನೆ ನಿಂತಿದ್ದವನು ಇರ್ವಿನ್ ಒಬ್ಬನೇ. ಅವನೇ ಬಸ್ಸಿನಲ್ಲಿ ಒಯ್ದ. ರಿಪೋರ್ಟ್ ಬಂದಾಗ ಹಾಳೆಯಲ್ಲಿ ಹೊಸ ಪ್ಲಾಸ್ಟಿಕ್ಕಿಗಿಂತ ಹಳೆಯದೇ ಹೆಚ್ಚು, ಬಿಸಿಲು ತಡೆಯಲು ಬೇಕಾದ ಕಪ್ಪು ಪುಡಿ ನೆಪಕ್ಕೆ ಮಾತ್ರ ಎಂದಿತ್ತು. ಯತಿನ್ ಆಮೇಲೆ ಫೋನ್ ಎತ್ತಲಿಲ್ಲ. ಲೀಲಾಧರರು ಹೊಸದಾಗಿ ಶರತ್ತುಗಳನ್ನು ಬರೆಸಿದರು. ಅದರಲ್ಲಿ ಮೊದಲನೆಯದು, ಮಾಲನ್ನು ಮಾರುವವನ ಸಹಿ ನಡೆಯುವುದಿಲ್ಲ, ಹೊರಗಿನವರ ಪರೀಕ್ಷೆಯ ವರದಿ ಬೇಕು. ಇಮ್ತಿಯಾಝ್ ಅದನ್ನು ಓದಿ, ಎಲ್ಲಿಂದ ತೆಗೆದಿರಿ ಎಂದು ಕೇಳಿದರು. “ಇಗರ್ಜಿಯಿಂದ,” ಎಂದರು ಲೀಲಾಧರರು.

ಎಳೆದರೆ ಹಿಗ್ಗುವ, ಚುಚ್ಚಿದರೆ ತಡೆಯುವ, ಡ್ರಮ್ಮಿನಲ್ಲಿ ಮುಳುಗಿಸಿಟ್ಟರೂ ಮೆತ್ತಗಾಗದ ಒಂದು ಹಾಳೆ ಕೊನೆಗೆ ಸಿಕ್ಕಿತು. ಹಾಸುವ ಕೆಲಸ ನೋಡಿಕೊಳ್ಳಲು ಒಬ್ಬ ಬೇಕಾದಾಗ ಇಮ್ತಿಯಾಝ್ ಇರ್ವಿನ್‌ನನ್ನೇ ಇಟ್ಟುಕೊಂಡರು. ಲೈನರ್ ಹೇಗಿರಬೇಕೆಂಬುದನ್ನು ತನ್ನ ಮೈಮೇಲೆ ಪ್ರಯೋಗ ಮಾಡಿಕೊಂಡವನು ಮಂಗಳೂರಿನಲ್ಲಿ ಬೇರೆ ಯಾರಿದ್ದರು? ಹುಡುಗ ಬರಿಗಾಲಲ್ಲಿ ತಳದ ಮುರಕಲ್ಲಿನ ಮೇಲೆ ನಡೆದು, ಕಾಲಿಗೆ ಚುಚ್ಚಿದ್ದನ್ನೆಲ್ಲ ಹೆಕ್ಕಿಸಿದ. ಮೇಲೆ ದಪ್ಪ ಬಟ್ಟೆ ಹಾಸಿಸಿ ಆಮೇಲೆ ಹಾಳೆ ಹಾಸಿಸಿದ. ಎರಡು ಹಾಳೆ ಕೂಡುವಲ್ಲಿ ಬಿಸಿ ಮಾಡಿ ಬೆಸೆದ ಜೋಡಿ ಗೆರೆಯ ನಡುವೆ ಗಾಳಿ ತುಂಬಿ, ಎಲ್ಲಾದರೂ ಇಳಿಯುತ್ತದೆಯೇ ಎಂದು ಕಿವಿಗೊಟ್ಟು ಕೂರುತ್ತಿದ್ದ. ಮೊದಲ ಮಳೆ ಬೀಳುವ ಮೊದಲು ಗುಂಡಿ ಕಪ್ಪಗೆ ಹೊಳೆಯುತ್ತಿತ್ತು.

ಮಳೆಗಾಲ ಪೂರ್ತಿ ಲೀಲಾಧರರು ದಿನವೂ ಬೆಳಿಗ್ಗೆ ಒಂದು ಕೊಡಪಾನ ಸೇದಿ ಮೂಸಿ ನೋಡಿದರು. ಮೊದಮೊದಲು ಬಂಗುಡೆ ಅಲ್ಲಿಯೇ ಇತ್ತು. ಮಳೆ ಜೋರಾಗಿ ಹೊಯ್ಯುವ ಆಟಿ ತಿಂಗಳಲ್ಲಿ ಅದು ಬೂತಾಯಿ ಮೀನಿನಷ್ಟು ಸಣ್ಣದಾಯಿತು. ನವರಾತ್ರಿಯ ಹೊತ್ತಿಗೆ ಮೂಸಿದಾಗ ನೀರಿಗೆ ನೀರಿನ ವಾಸನೆ ಮಾತ್ರ ಇತ್ತು. ಅವರು ಕುಮುದಿನಿಯನ್ನು ಕರೆದು ಮೂಸಿಸಿದರು, ಆಚೆಯ ರಾಟೆಯ ಬಳಿ ಬರ್ನಡೆಟ್ ಅವರಿಗೂ ಮೂಸಿಸಿದರು. ಲ್ಯಾಬಿನಿಂದ ಒಂದು ವರದಿಯನ್ನೂ ತರಿಸಿದರು, ಯಾಕೆಂದರೆ ಮೂಗು ಕೂಡ ಮನೆಯವರದ್ದೇ.

ಸುಪ್ರೀತಾ ಬಂದಳು. ಹೆಣ್ಣುಮಗು ಹುಟ್ಟಿತು. ಮಗುವನ್ನು ನೋಡಲು ಅವಳ ಅತ್ತೆ ಬಂದ ದಿನ ಮನೆಯ ಜಗಲಿ ತುಂಬಿತ್ತು. ಜಗಲಿಗೆ ತಾಗಿದ ಬಚ್ಚಲಿನಲ್ಲಿ ಕುಮುದಿನಿ ಕಾಲು ಚಾಚಿ ಕೂತು ಮಗುವನ್ನು ಮೀಯಿಸುತ್ತಿದ್ದರು, ಬರ್ನಡೆಟ್ ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದರು, ಲೀಲಾಧರರು ಹಂಡೆಯಿಂದ ಬಕೆಟಿಗೆ ತುಂಬಿಸಿ ತರುತ್ತಿದ್ದರು. ಬೀಗಿತ್ತಿಯ ಕೈಯಲ್ಲಿ ಒಂದು ಲೋಟ ನೀರಿತ್ತು. ಅವರು ಅದನ್ನು ಕುಡಿದಿರಲಿಲ್ಲ, ಕೆಳಗೂ ಇಟ್ಟಿರಲಿಲ್ಲ.

ಹೆಲ್ಮೆಟ್, ಬೂಟು ಹಾಕಿದ ಇರ್ವಿನ್ ಅಂಗಳದಲ್ಲಿ ಹಾದುಹೋದ.

“ಅದು ಯಾರ ಹುಡುಗ? ಕೆಲಸಕ್ಕುಂಟಾ?” ಎಂದು ಬೀಗಿತ್ತಿ ಕೇಳಿದರು.

“ನಮ್ಮದು,” ಎಂದರು ಬರ್ನಡೆಟ್. ಅವರ ತಲೆ ತಾನಾಗಿ ಮೇಲಕ್ಕೆದ್ದಿತು. “ಲೈನರಿನಲ್ಲಿ ಉಂಟು.”

“ಹೌದಾ? ಯಾವ ಹಡಗು?”

ಬರ್ನಡೆಟ್ ಲೀಲಾಧರರನ್ನು ನೋಡಿದರು. ಜಗಲಿಯವರೆಲ್ಲ ಲೀಲಾಧರರನ್ನು ನೋಡಿದರು. ಅವರು ಬಕೆಟನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಹಡಗಲ್ಲ. ನಮ್ಮ ಕಾರ್ಖಾನೆಯ ಕೊಳಚೆ ಗುಂಡಿಯ ಲೈನರ್. ತೇಲುದಿಲ್ಲ. ಸೋರುದೂ ಇಲ್ಲ.”

ಬೀಗಿತ್ತಿ ಲೋಟದೊಳಗೆ ನೋಡಿದರು. ಒಂದು ಗುಟುಕು ಕುಡಿದರು. ಸ್ವಲ್ಪ ತಡೆದು ಉಳಿದದ್ದನ್ನೂ ಕುಡಿದು, ಖಾಲಿ ಲೋಟವನ್ನು ಲೀಲಾಧರರ ಕಡೆಗೆ ಚಾಚಿದರು.

“ಇನ್ನು ಸ್ವಲ್ಪ ಕೊಡಿ,” ಎಂದರು.